ಅಪ್ಪ ಕೂರಿಸಿದ ಸ್ಪ್ರಿಂಗು

ಮಧ್ಯಾಹ್ನ, ಚಾಕುಗಳಿಗೆ ಹೆಸರಾದ ಇಟಲಿಯ ಮನ್ಯಾಗೊ ಎಂಬ ಊರೆಲ್ಲ ಕಿಟಕಿ ಮುಚ್ಚಿ ಮಲಗಿದ್ದಾಗ ನಮ್ಮ ಅಡುಗೆಮನೆಯಲ್ಲಿ ‘ಟಕ್’ ಎಂದಿತು. ಅದು ಬೆಳಿಗ್ಗೆಯಷ್ಟೇ ನಾನು ಕೊಂಡಿದ್ದ ಚಾಕುವಿನ ಸದ್ದು. ಕೊಂಬಿನ ಹಿಡಿಯ ಆ ಚಾಕು ಎಷ್ಟು ಸೊಗಸೆಂದರೆ, ಗುಂಡಿ ಒತ್ತಿದೊಡನೆ ಅಲಗು ಮಿಂಚಿನಂತೆ ಚಿಮ್ಮುತ್ತಿತ್ತು.

“ನಿಮ್ಮಪ್ಪ ಸಾಯೋ ಮುಂಚೆ ಕೂರಿಸಿದ ಕೊನೇ ಸ್ಪ್ರಿಂಗು ಮಗಳೇ, ಅವನ ಹಾಗೇ ಬಿಗಿ,” ಎಂದು ಚಾಕು ಅಂಗಡಿಯ ಇಲಾರಿಯೊ ನಕ್ಕಿದ್ದರು.

ಎದ್ದು ಹೋದೆ. ಅಲಗು ತೆರೆದಿತ್ತು, ಹಿಡಿ ಬೆಚ್ಚಗಿತ್ತು. ತಾವು ಮಾಡಿದ ಹೊಸ ಚಾಕು ಪರೀಕ್ಷಿಸಲು ಅಪ್ಪ ಬ್ರೆಡ್ಡನ್ನು ಬೆಳಕು ತೂರುವಷ್ಟು ತೆಳ್ಳಗೆ ಕೊಯ್ಯುತ್ತಿದ್ದರು. ಈಗ ಮೇಜಿನ ಮೇಲೆ ಸಿಕ್ಕ ಅಂಥದೇ ಹೋಳನ್ನು, ಮಲಗಿದ್ದಲ್ಲಿಂದ ಎದ್ದು ಬಂದಿದ್ದ ಅಮ್ಮ ಮೆಲ್ಲುತ್ತಿದ್ದಳು. ಅಪ್ಪ ಹೋದಾಗಿನಿಂದ ಅವಳು ಊಟವನ್ನೇ ಬಿಟ್ಟಂತಿದ್ದಳು. ಗಂಟುಕಟ್ಟಿದ ಅವಳ ಬೆರಳುಗಳಿಗೆ ಚಮಚ ಹಿಡಿಯುವುದೂ ಕಷ್ಟ.

“ಅಂತೂ ನೆಟ್ಟಗೆ ಕೊಯ್ಯೋದು ಕಲಿತೆಯಲ್ಲೇ! ಇನ್ನೊಂದು ಕೊಡು,” ಎಂದಳು.

ಮನೆಯಲ್ಲಿ ನಾವಿಬ್ಬರೇ ಇದ್ದೆವು. ಕೊಯ್ದವಳು ನಾನಲ್ಲ ಎಂಬುದನ್ನು ಅವಳಿಗಾಗಲಿ ಇನ್ನಾರಿಗಾಗಲಿ ಹೇಳಬಾರದೆಂದು ನಿರ್ಧರಿಸಿದೆ.