ಬೇಡಮ್ಮನ ಅಂಗಡಿಯಲ್ಲಿ ಎರಡನೇ ಬಾಲ್

ಬೌಲಿಂಗ್ ಬಾಲ್ ಮಾರುವ ಅಂಗಡಿಯಲ್ಲಿ ಕೂತು, ಬಂದವರಿಗೆಲ್ಲ "ಬೇಡ" ಎನ್ನುವವಳು ನಾನೊಬ್ಬಳೇ ಇರಬೇಕು. ಇನ್ನೂ ಸ್ವಲ್ಪ ಭಾರದ್ದು ತಗೊಳ್ಳಲಾ ಎಂದರೆ ಬೇಡ. ಹೊಸ ಬಣ್ಣದ್ದು ಬಂದಿದೆಯಂತಲ್ಲ ಎಂದರೆ, ಬೇಡ, ಇರೋದೇ ಚೆನ್ನಾಗಿದೆ. ಗಿರಾಕಿಗಳು ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ಆಡುವ ಲೇನ್ ಕಡೆ ತಿರುಗಿಬಿಡುತ್ತಿದ್ದರು. ಗುರುವಾರದ ಲೀಗಿನವರು ನನಗೆ ಬೇಡಮ್ಮ ಎಂದು ಹೆಸರಿಟ್ಟಿದ್ದು ನನ್ನ ಕಿವಿಗೂ ಬಿದ್ದಿತ್ತು. ಬೇಜಾರಾಗಲಿಲ್ಲ. ಆಗ ನನಗೆ ಯಾವುದರಿಂದಲೂ ಏನೂ ಆಗುತ್ತಿರಲಿಲ್ಲ.

ಅಂಗಡಿ ಅಪ್ಪನದು. ಬಾಲ್ ಉರುಳಿಸಿ ಹತ್ತು ಪಿನ್ ಬೀಳಿಸುವ ಬೌಲಿಂಗ್ ಸೆಂಟರಿನ ಒಳಗೇ, ಬಲಗಡೆಯ ಕೊನೆಯ ಲೇನಿನ ಪಕ್ಕ, ಗಾಜಿನ ಗೋಡೆಯ ಚಿಕ್ಕ ಕೋಣೆ. ಬಾಲ್ ನಮ್ಮಲ್ಲಿಗೆ ಬರುವಾಗ ತೂತಿಲ್ಲದೆ ಗುಂಡಗೆ ಬರುತ್ತದೆ. ಆಡುವವರ ಕೈ ಅಳೆದು, ಹೆಬ್ಬೆರಳಿಗೊಂದು, ಮತ್ತೆರಡು ಬೆರಳಿಗೆ ಎರಡು ತೂತು ಕೊರೆದುಕೊಡುವುದು ನಮ್ಮ ಕೆಲಸ. ಅಪ್ಪ ನನಗೂ ಕಲಿಸಿದ್ದರು.

ಹೋದ ವರ್ಷ ಅಪ್ಪ ತೀರಿಕೊಂಡರು. ಬೆಳಿಗ್ಗೆ ಒಂದು ಬಾಲ್ ಕೊರೆದಿಟ್ಟು, ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ನನಗೆ ಅಳು ಬರಲಿಲ್ಲ. ಆವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ಶೂ ಕೌಂಟರಿನಲ್ಲಿ ಕೂರುವ ಚಿಕ್ಕಮ್ಮ, "ಒಂದ್ಸಲ ಅತ್ತುಬಿಡೇ, ಹಗುರ ಆಗುತ್ತೆ," ಎಂದು ಹೇಳಿ ಹೇಳಿ ಸೋತರು. ನಾನು ದಿನಾ ಅಂಗಡಿ ತೆಗೆಯುತ್ತಿದ್ದೆ. ಹಳೆಯ ತೂತುಗಳನ್ನು ಉಜ್ಜಿ ಸರಿಮಾಡುತ್ತಿದ್ದೆ, ಬಾಲ್ ಒರೆಸಿಕೊಡುತ್ತಿದ್ದೆ. ಕೊರೆಯುವ ಮಿಷನ್ನಿಗೆ ಹೊದಿಸಿದ ಬಟ್ಟೆಯನ್ನು ಮಾತ್ರ ತೆಗೆದಿರಲಿಲ್ಲ.

ಆವತ್ತು ಬೆಳಿಗ್ಗೆ ಅಪ್ಪ ಕೊರೆದ ಬಾಲ್ ಇವನದು.

ಇವನು ಲಿಫ್ಟ್ ರಿಪೇರಿ ಮಾಡುವವನು. ಲೀಗಿನಲ್ಲಿ ಎಲ್ಲರಿಗೂ ಲಿಫ್ಟಪ್ಪ. ಒಂದು ಗುರುವಾರ ಸಂಜೆ, ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್ ಇರುವಾಗಲೇ, ಬಾಲನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತ.

"ನನಗೆ ಎರಡನೇ ಬಾಲ್ ಬೇಕಾಗುತ್ತಾ?"

"ಬೇಡ."

"ನನ್ನ ಆಟ ನೋಡದೇನೇ ಹೇಳ್ತೀರಲ್ಲ."

"ನೋಡಿದೀನಿ."

"ಹೌದಾ? ಯಾವಾಗ?"

ನಾನು ಒರೆಸುತ್ತಿದ್ದ ಬಾಲನ್ನು ಇನ್ನೊಮ್ಮೆ ಒರೆಸಿದೆ. ಅವನು ಕೆಳದುಟಿ ಕಚ್ಚಿ ನಗು ತಡೆದುಕೊಂಡು, ಗಾಜಿನ ಆಚೆಯಿಂದ ಒಮ್ಮೆ ತಿರುಗಿ ನೋಡಿ ಹೋದ. ಚಂದದ ನಗು. ಚಂದ ಎಂದು ಗೊತ್ತಾಯಿತು, ಅಷ್ಟೇ. ಫೋಟೋದಲ್ಲಿರುವ ಊಟ ನೋಡಿದ ಹಾಗೆ.

ಮುಂದಿನ ಗುರುವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಆದರೆ ಈ ಸಲ ಹಿಂದೆಯೇ ಅವನ ಅಕ್ಕ ಬಂದರು. ಟೀಮಿನ ಕ್ಯಾಪ್ಟನ್. ಹಲ್ಲಿನ ಡಾಕ್ಟರು. ಯಾರ ಬಾಯಿ ಹೇಗೆ ತೆರೆಸಬೇಕೆಂದು ಗೊತ್ತಿರುವವರು.

"ನೋಡಮ್ಮ, ಕಡ್ಡಿ ಮುರಿದ ಹಾಗೆ ಬೇಡ ಅನ್ನಬೇಡ. ಇವನ ಬಾಲ್ ಎಡಕ್ಕೆ ತಿರುಗುತ್ತೆ. ಮೊದಲ್ನೇ ಎಸೆತಕ್ಕೆ ಅದು ಸರಿ, ಒಂಬತ್ತು ಪಿನ್ ಮಲಗುತ್ತೆ. ಬಲಗಡೆ ಮೂಲೇಲಿ ಒಂದು ಉಳಿಯುತ್ತಲ್ಲ, ಅದನ್ನ ಹೊಡೆಯೋಕೆ ಹೋದ್ರೆ ಈ ಬಾಲ್ ಹತ್ತಿರ ಹೋಗಿ ಮುಖ ತಿರುಗಿಸ್ಕೊಳುತ್ತೆ. ನೇರವಾಗಿ ಹೋಗೋ ಪ್ಲಾಸ್ಟಿಕ್ ಬಾಲ್ ಒಂದು ಬೇಕೋ ಬೇಡವೋ?"

"ಅಭ್ಯಾಸ ಮಾಡಿದ್ರೆ ಇದರಲ್ಲೇ ಹೊಡೀಬಹುದು," ಎಂದೆ.

"ವರ್ಷದಿಂದ ಮಾಡ್ತಿದಾನೆ. ಮುಂದಿನ ಸೀಸನ್‌ಗೂ ಇದೇ ಕಥೆ ಆದ್ರೆ ಇವನ ಜಾಗಕ್ಕೆ ನಮ್ಮ ಯಜಮಾನ್ರನ್ನ ಹಾಕ್ಕೋತೀನಿ."

"ಭಾವ ಹೋದ್ಸಲ ಬಾಲ್‌ನ ಹಿಂದಕ್ಕೆ ಬಿಟ್ಟಿದ್ರು, ಅಕ್ಕ," ಎಂದ ಇವನು.

"ಹಿಂದಕ್ಕಾದ್ರೂ ನೇರವಾಗಿ ಬಿಟ್ರಲ್ಲ."

ನಗಬೇಕಿತ್ತು. ನಗು ಎಲ್ಲೋ ಹೊರಟು ಗಂಟಲ ತನಕವೂ ಬರಲಿಲ್ಲ. "ಇವತ್ತು ಹತ್ತಿರದಿಂದ ನೋಡಿ ಹೇಳ್ತೀನಿ," ಎಂದು ಅಂಗಡಿ ಬಿಟ್ಟು ಹೋಗಿ ಅವರ ಲೇನಿನ ಹಿಂದಿನ ಕುರ್ಚಿಯಲ್ಲಿ ಕೂತೆ. ನಾನು ಹಿಂದೆ ಬಂದು ಕೂತಿದ್ದು ಅವನಿಗೆ ಗೊತ್ತಾಗಲಿಲ್ಲ.

ಒಂಬತ್ತು ಪಿನ್ ಬಿದ್ದವು. ಮೂಲೆಯದು ನಿಂತಿತು. ಅದಕ್ಕಾಗಿ ಅವನು ಲೇನಿನ ಎಡಕ್ಕೆ ಸರಿದು, ಬಾಲನ್ನು ಎದೆಯ ಹತ್ತಿರ ಹಿಡಿದು, ಎಸೆಯುವ ಮುಂಚೆ ಕಣ್ಣನ್ನು ಬಲಕ್ಕೆ ಹೊರಳಿಸಿದ. ಪಿನ್ನಿನ ಕಡೆಗಲ್ಲ, ಅಂಗಡಿಯ ಗಾಜಿನ ಕಡೆಗೆ. ಅಲ್ಲಿ ಯಾರೂ ಇರಲಿಲ್ಲ. ಅವನ ಹುಬ್ಬು ಗಂಟಿಕ್ಕಿತು. ಏನೋ ಕಳೆದುಕೊಂಡವನ ಹಾಗೆ ಆಚೀಚೆ ನೋಡಿ, ಕೊನೆಗೆ ಹಿಂದೆ ತಿರುಗಿದ. ನನ್ನನ್ನು ಕಂಡ. ಕಿವಿ ಕೆಂಪಾದವು. ಎಸೆದ ಬಾಲು ಸೀದಾ ಲೇನಿನ ಅಂಚಿನ ಚರಂಡಿಗೆ ಬಿತ್ತು.

ಆಟ ಮುಗಿದ ಮೇಲೆ ಅಂಗಡಿಗೆ ಬಂದ.

"ಎಸೆಯುವಾಗ ಪಿನ್ ನೋಡಿ," ಎಂದೆ. "ಅಂಗಡಿ ನೋಡಬೇಡಿ."

"ಅಂಗಡೀಲಿ ನೀವಿರ್ತೀರಲ್ಲ."

ಇಷ್ಟು ಸಲೀಸಾಗಿ ಹೇಳಿಬಿಡುತ್ತಾನೆಂದು ಎಣಿಸಿರಲಿಲ್ಲ. ಅವನ ಮುಖ ನೋಡಿದರೆ ಅವನೂ ಎಣಿಸಿರಲಿಲ್ಲ. ಒಬ್ಬ ಒಳ್ಳೆಯ ಮನುಷ್ಯನಿಗೆ ಸುಳ್ಳು ಹೇಳಬಾರದೆನಿಸಿತು.

"ನನಗೆ ಏನೂ ಅನ್ಸಲ್ಲ," ಎಂದೆ. "ನಿಮ್ಮ ಮೇಲೆ ಅಂತಲ್ಲ. ಅಪ್ಪ ಹೋದ ಮೇಲೆ ಯಾವುದರ ಮೇಲೂ ಅನ್ಸಿಲ್ಲ. ಕಾಯ್ತಾ ಕೂರಬೇಡಿ."

"ಸರಿ."

"ಸರಿ ಅಂದ್ರೆ?"

"ಲಿಫ್ಟ್ ಮಧ್ಯದಲ್ಲಿ ನಿಂತುಹೋದ್ರೆ ಒಳಗಿರೋರಿಗೆ ನಾವು ಹೆಚ್ಚೇನೂ ಹೇಳಲ್ಲ. ಬಾಗಿಲು ಗುದ್ದಬೇಡಿ, ನಾನು ಇಲ್ಲೇ ಹೊರಗಡೆ ಇದೀನಿ ಅಂತೀವಿ. ಅಷ್ಟೇ."

ಮನೆಗೆ ಹೋಗುವ ದಾರಿಯಲ್ಲಿ ಚಿಕ್ಕಮ್ಮ ಕೇಳಿಯೇಬಿಟ್ಟರು. "ಆ ಹುಡುಗನಿಗೆ ಎರಡನೇ ಬಾಲ್ ಬೇಕಾ ಬೇಡವಾ? ನಿಮ್ಮಪ್ಪ ಇದ್ದಿದ್ರೆ ಏನು ಹೇಳ್ತಿದ್ರು?"

"ಬೇಕು ಅಂತಿದ್ರು."

"ಮತ್ತೆ ನೀನು?"

ನಾನು ಕೊರೆಯದೇ ಇರುವಷ್ಟು ದಿನ ಆ ಅಂಗಡಿಯಲ್ಲಿ ಕೊನೆಯದಾಗಿ ಕೆಲಸ ಮಾಡಿದವರು ಅಪ್ಪ. ನಾನು ಮಿಷನ್ ಹಾಕಿದರೆ ಅಪ್ಪನ ಬಾಲು ಕೊನೆಯದಾಗಿ ಉಳಿಯುವುದಿಲ್ಲ. ಅದೂ ಅಪ್ಪ ಕೊನೆಯ ಬಾಲ್ ಕೊರೆದುಕೊಟ್ಟ ಅದೇ ಕೈಗೆ. ಇದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳುವಾಗ ದನಿ ಮಾತ್ರ ಬಸ್ಸಿನ ಟೈಮ್ ಹೇಳಿದಂತೆ ಇತ್ತು. ಚಿಕ್ಕಮ್ಮ ನನ್ನ ಬ್ಯಾಗನ್ನು ತಾವೇ ಹಿಡಿದುಕೊಂಡರು.

ಶನಿವಾರ ಬೆಳಿಗ್ಗೆ ಅವನಿಗೆ ಫೋನ್ ಮಾಡಿದೆ. "ಬೇಕು," ಎಂದೆ.

"ಯಾರು ಮಾತಾಡ್ತಿರೋದು? ಬೇಡಮ್ಮನ ನಂಬರಿಂದ ಇಂಥ ಮಾತು ಬರಲ್ಲ."

"ಸೆಂಟರ್ ತೆಗೆಯೋ ಮುಂಚೆ ಬನ್ನಿ."

ಬಂದ. ಕೈ ತೊಳೆದು, ಉಗುರು ಉಜ್ಜಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಬಾಲಿಗೆ ಅಳತೆ ಕೊಡಲು ಇಸ್ತ್ರಿ ಅಂಗಿ ಯಾರೂ ಹಾಕುವುದಿಲ್ಲ. ಅವನ ಬಲಗೈಯನ್ನು ನನ್ನ ಎಡಗೈ ಮೇಲೆ ಮಲಗಿಸಿಕೊಂಡು, ಬೆರಳು ಬಿಡಿಸಿ, ಗೆಣ್ಣಿನಿಂದ ಗೆಣ್ಣಿಗೆ ಪಟ್ಟಿ ಇಟ್ಟು ಅಳೆದೆ. ಎಷ್ಟೋ ಕೈ ಹಿಡಿದು ಅಳೆದವಳು ನಾನು. ಹೆಬ್ಬೆರಳಿನ ಬುಡದಲ್ಲಿ ಅಪ್ಪನ ಬಾಲಿನಿಂದ ಎದ್ದ ಗಟ್ಟಿ ಚರ್ಮ ಇತ್ತು. ಅದನ್ನು ಮುಟ್ಟಿದಾಗ ಜೋಮು ಹಿಡಿದ ಕಾಲನ್ನು ನೆಲಕ್ಕೆ ಊರಿದ ಹಾಗೆ ಒಳಗೆಲ್ಲೋ ಚುಚ್ಚಿತು. ಹಿತವೇನೂ ಆಗಿರಲಿಲ್ಲ.

"ಅಳೆದಿದ್ದನ್ನೇ ಮತ್ತೆ ಅಳೀತಿದೀರ," ಎಂದ ಮೆಲ್ಲಗೆ. "ಬೇಡ ಅಂದ್ರೆ ಬೇಡ. ಭಾವನೇ ಆಡ್ಲಿ."

"ಕೈ ಅಲ್ಲಾಡಿಸಬೇಡಿ."

ಮಿಷನ್ ಮೇಲಿನ ಬಟ್ಟೆ ತೆಗೆದೆ. ಮಡಿಚಿಟ್ಟೆ. ಸ್ವಿಚ್ ಹಾಕಿದೆ. ಕೊರೆಯುವ ಸದ್ದು ಆ ಗಾಜಿನ ಕೋಣೆಯನ್ನೆಲ್ಲ ತುಂಬಿತು, ಪ್ಲಾಸ್ಟಿಕ್ಕಿನ ಬಿಳಿ ಸಿಪ್ಪೆ ಸುರುಳಿ ಸುರುಳಿಯಾಗಿ ನನ್ನ ಚಪ್ಪಲಿಯ ಮೇಲೆ ಬಿತ್ತು. ಎರಡು ಬೆರಳಿನದು ಮುಗಿಯಿತು. ಹೆಬ್ಬೆರಳಿನದನ್ನು ಬೇಕೆಂದೇ ಬಿಗಿಯಾಗಿ ಬಿಟ್ಟೆ. ಬಿಗಿ ಇದ್ದರೆ ಉಜ್ಜಿ ಸರಿಮಾಡಬಹುದು, ಸಡಿಲವಾದರೆ ಬಾಲು ಕೆಟ್ಟ ಹಾಗೆ. ಅಪ್ಪ ಹೇಳಿಕೊಟ್ಟ ಕ್ರಮ ಅದು.

"ತುದಿ ಮಾತ್ರ ಹಾಕಿ ನೋಡಿ," ಎಂದೆ.

ಅವನು ಪೂರ್ತಿ ಹಾಕಿದ.

"ತುದಿ ಮಾತ್ರ ಅಂದೆ."

"ಕೇಳಿಸ್ತು. ಉತ್ಸಾಹ." ಎಳೆದ. ತಿರುಗಿಸಿ ಎಳೆದ. ಬಾಲನ್ನು ಮೊಣಕಾಲ ನಡುವೆ ಇಟ್ಟುಕೊಂಡು ಎಳೆದ. ಬೆರಳು ಬರಲಿಲ್ಲ. "ದಿನಾ ಜನರನ್ನ ಸಿಕ್ಕಿಹಾಕ್ಕೊಂಡ ಕಡೆಯಿಂದ ಬಿಡಿಸ್ತೀನಿ ನಾನು. ದಯವಿಟ್ಟು ಅಕ್ಕನಿಗೆ ಹೇಳಬೇಡಿ."

ಇಸ್ತ್ರಿ ಅಂಗಿಯಲ್ಲಿ, ಕೈಗೆ ಆ ಗುಂಡು ಅಂಟಿಸಿಕೊಂಡು, ಮರ್ಯಾದೆಯಿಂದ ನಿಲ್ಲಲು ನೋಡುತ್ತಿದ್ದ ಅವನನ್ನು ಕಂಡು ನನಗೆ ನಗು ಬಂತು. ಜೋರಾಗಿಯೇ ಬಂತು, ಮೇಜು ಹಿಡಿದುಕೊಳ್ಳುವಷ್ಟು. ನಗುತ್ತ ನಗುತ್ತ, ಇದನ್ನು ಅಪ್ಪನಿಗೆ ಹೇಳಬೇಕು ಎಂದುಕೊಂಡು ತಲೆ ತಿರುಗಿಸಿದೆ. ಅಪ್ಪ ಕೂರುತ್ತಿದ್ದ ಸ್ಟೂಲ್ ಖಾಲಿ ಇತ್ತು.

ಅಲ್ಲಿಗೆ ನಗು ಮುರಿಯಿತು. ಒಂದು ವರ್ಷದಿಂದ ಬಾರದಿದ್ದದ್ದು ಒಟ್ಟಿಗೇ ಬಂತು. ನೆಲದ ಮೇಲೆ, ಬಿಳಿ ಸಿಪ್ಪೆಗಳ ನಡುವೆ ಕೂತು ಅತ್ತೆ. ಅಪ್ಪ ಎಂದು ಕೂಗಿಯೂ ಇರಬೇಕು. ಅವನು ಬಾಲಿನ ಸಮೇತ ನನ್ನ ಪಕ್ಕ ಕೂತ. ಬಲಗೈ ಬಿಡುವಿರಲಿಲ್ಲ, ಎಡಗೈಯಿಂದ ನನ್ನ ಕೆನ್ನೆ ಒರೆಸಲು ನೋಡಿದ. ಎಡಗೈಗೆ ಅಭ್ಯಾಸವಿಲ್ಲದೆ ಕಣ್ಣಿಗೇ ಚುಚ್ಚಿದ.

"ಸಾರಿ," ಎಂದ. "ಅಳಿ. ಎಷ್ಟು ಹೊತ್ತಾದ್ರೂ ಅಳಿ. ನಾನಂತೂ ಎಲ್ಲೂ ಹೋಗೋ ಹಾಗಿಲ್ಲ."

ಅವನ ಭುಜಕ್ಕೆ ತಲೆ ಆನಿಸಿದೆ. ಇಸ್ತ್ರಿಯ ಬಿಸಿ ವಾಸನೆ ಮೂಗಿಗೆ ಹತ್ತಿತು, ಆ ಭುಜ ಬೇಕು ಎನಿಸಿತು, ಬೇಕು ಎಂದು ಅವನಿಗೆ ಹೇಳಿದೆ.

ಸ್ವಲ್ಪ ಸೋಪಿನ ನೀರು ಬಿಟ್ಟಿದ್ದರೆ ಬೆರಳು ಒಂದೇ ನಿಮಿಷದಲ್ಲಿ ಬಂದುಬಿಡುತ್ತಿತ್ತು. ನಲ್ಲಿ ಪಕ್ಕದಲ್ಲೇ ಇತ್ತು. ನಾನು ಏಳಲಿಲ್ಲ.