ಲೆಕ್ಕಕ್ಕೆ ಸೇರದ ಡಿಸ್ಕುಗಳು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸು ಹೊಲಿಗೆ ಕೆಲಸದವಳು. ಚೀಲದಿಂದ ಒಂದು ಡಿಸ್ಕು ತೆಗೆದು ಇನ್‌ಸ್ಪೆಕ್ಟರರ ಮೇಜಿನ ಮೇಲಿಟ್ಟಳು.

"ಇದರಲ್ಲಿ ನನ್ನ ಮಗಳ ಹೃದಯದ ಚಿತ್ರ ಇತ್ತು ಸರ್. ಈಗ ಏನೂ ಇಲ್ವಂತೆ."

ಮಗಳಿಗೆ ಏಳು ವರ್ಷ. ಎರಡು ವರ್ಷದ ಹಿಂದೆ ತೊಡೆಯ ರಕ್ತನಾಳದಿಂದ ಹೃದಯದವರೆಗೆ ಸಣ್ಣ ಕೊಳವೆ ತೂರಿಸಿ ಆ ಚಿತ್ರ ತೆಗೆದಿದ್ದರು. ಈಗ ಆಪರೇಷನ್ನಿಗೆ ಅದೇ ಬೇಕು. ತಾಯಿಗೆ ಕೊಟ್ಟ ಡಿಸ್ಕೂ ತೆರೆಯುತ್ತಿಲ್ಲ, ಆಸ್ಪತ್ರೆಯ ರೆಕಾರ್ಡ್ ಕೋಣೆಯ ಪ್ರತಿಯೂ ತೆರೆಯುತ್ತಿಲ್ಲ. ಯಂತ್ರದಲ್ಲಿದ್ದ ಮೂಲವನ್ನು ಜಾಗ ಸಾಲದೆಂದು ಎಂದೋ ಅಳಿಸಿದ್ದರು. ಶುಕ್ರವಾರ ಮತ್ತೆ ಕೊಳವೆ ತೂರಿಸಬೇಕು, ಈ ಸಲ ಮಗುವಿನ ಮೈ ತಡೆದುಕೊಳ್ಳುತ್ತದೆಂದು ಹೇಳಲಾಗದು ಎಂದು ಡಾಕ್ಟರು ತಾಯಿಯಿಂದ ಸಹಿ ಹಾಕಿಸಿಕೊಂಡಿದ್ದರು. ಡಿಸ್ಕು ಕೆಡಿಸಿದ್ದು ಯಾರೋ, ಸಹಿ ಹಾಕಬೇಕಾದವಳು ಇವಳು.

ಜೀವಕ್ಕೆ ಅಪಾಯವಾಗುವಂಥ ನಿರ್ಲಕ್ಷ್ಯ ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿ: ಗೊತ್ತಿಲ್ಲ.

ಆಸ್ಪತ್ರೆಯ ಸೂಪರಿಂಟೆಂಡೆಂಟರಿಗೆ ಮಾತ್ರ ಗೊತ್ತಿತ್ತು. "ರೆಕಾರ್ಡ್ ಕ್ಲರ್ಕ್ ಸರ್. ಸಸ್ಪೆಂಡ್ ಮಾಡಿದ್ದೀನಿ."

"ಡಿಸ್ಕೇ ಕೆಟ್ಟದ್ದಿರಬಹುದಲ್ಲ?"

"ಸಾಧ್ಯಾನೇ ಇಲ್ಲ. ಅಂಕಿ ಮೇಷ್ಟ್ರು ಒಂದನೇ ನಂಬರ್ ಅಂತ ಸರ್ಟಿಫಿಕೇಟ್ ಕೊಟ್ಟ ಡಿಸ್ಕದು."

ಅಂಕಿ ಮೇಷ್ಟ್ರು ಎಂದರೆ ನಿವೃತ್ತ ಸಂಖ್ಯಾಶಾಸ್ತ್ರದ ಪ್ರೊಫೆಸರ್. ಡಿಸ್ಕಿಗೆ ಮಾಹಿತಿ ಬರೆಯುವ, ಅಂದರೆ ಬರ್ನ್ ಮಾಡುವ, ಒಂದು ಪುಕ್ಕಟೆ ತಂತ್ರಾಂಶವಿದೆ. ಅದನ್ನು ಬಳಸಿದವರು ಒಪ್ಪಿದರೆ, ಯಾವ ಬರ್ನರ್, ಯಾವ ಕಂಪನಿಯ ಡಿಸ್ಕು, ಸರಿ ಬಂತೋ ಕೆಟ್ಟಿತೋ ಎಂಬ ವರದಿ ಹೆಸರಿಲ್ಲದೆ ಮೇಷ್ಟ್ರಿಗೆ ಹೋಗುತ್ತದೆ. ಊರೂರಿನ ವರದಿಗಳನ್ನು ಕೂಡಿಸಿ, ಯಾವ ಬರ್ನರಿಗೆ ಯಾವ ಡಿಸ್ಕು ಒಳ್ಳೆಯದೆಂಬ ಪಟ್ಟಿಯನ್ನು ಅವರು ದಿನಾ ಬೆಳಿಗ್ಗೆ ವೆಬ್‌ಸೈಟಿಗೆ ಹಾಕುತ್ತಿದ್ದರು. ಸಾವಿರಾರು ಜನರ ಅನುಭವ ಸುಳ್ಳು ಹೇಳೀತೇ ಎಂದು ಆಸ್ಪತ್ರೆಗಳು ಕಣ್ಣು ಮುಚ್ಚಿ ಆ ಪಟ್ಟಿಯ ಡಿಸ್ಕುಗಳನ್ನೇ ಖರೀದಿಸುತ್ತಿದ್ದವು.

ಇನ್‌ಸ್ಪೆಕ್ಟರ್ ಕ್ಲರ್ಕಿನ ಮನೆಗೆ ಹೋದರು. ಕೂರಿ ಎನ್ನುವುದನ್ನೂ ಮರೆತು ಆತ ನಿಂತೇ ಇದ್ದ.

"ಡಿಸ್ಕು ಕೆಟ್ಟಿದ್ದು ನಿಮಗೆ ಗೊತ್ತಿತ್ತಾ?"

"ಬರ್ನ್ ಮಾಡುವಾಗ್ಲೇ ಕೆಂಪು ಗುರುತು ಬರ್ತಿತ್ತು ಸರ್. ಆದ್ರೆ ಆಗ ತೆರೀತಿತ್ತು. ಮೇಷ್ಟ್ರಿಗೆ ಫೋನ್ ಮಾಡ್ದೆ."

"ಏನಂದ್ರು?"

"ಬೆರಳು ತಾಗಿರುತ್ತೆ, ಕೈಗವಸು ಹಾಕ್ಕೊಳ್ಳಿ ಅಂದ್ರು. ಅವತ್ತಿಂದ ಹಾಕ್ಕೊಂಡೇ ಮಾಡ್ತಿದ್ದೆ."

ಅವನ ಹೆಂಡತಿ ಬಾಗಿಲಲ್ಲಿ ನಿಂತು, "ಆ ಕೈಗವಸಿನ ಬೆವರಿಗೆ ಕೈಯೆಲ್ಲ ಬೆಂದು ಸಿಪ್ಪೆ ಸುಲೀತಿದೆ ಸರ್. ಆದ್ರೂ ಇವರದ್ದೇ ತಪ್ಪಂತೆ" ಎಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಅದು ಆಸ್ಪತ್ರೆಯ ಲೆಟರ್‌ಹೆಡ್ಡಿನ ಮೇಲೆ, ಮೊಹರಿನ ಸಮೇತ ಬಂದಿತ್ತು.

ಮಂಗಳವಾರ ಆಸ್ಪತ್ರೆಯ ಉಗ್ರಾಣದಿಂದ, ಸೀಲ್ ಒಡೆಯದ ಡಿಸ್ಕಿನ ಪೆಟ್ಟಿಗೆಯನ್ನು ಠಾಣೆಗೆ ತಂದರು. ಕಂಪ್ಯೂಟರ್ ಕೆಲಸದ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ತಂತಿ ಎಂದೇ ಹೆಸರು. ಅವನು ಮುಟ್ಟುಗೋಲು ಕೋಣೆಯಿಂದ ಒಂದು ಪುರಾತನ ಬರ್ನರ್ ಹುಡುಕಿಕೊಂಡು ಬಂದ.

"ಇದು ಯಾಕಯ್ಯ?" ಎಂದ ದಫೇದಾರ. "ನಮ್ಮಜ್ಜನ ಕಾಲದ್ದು."

"ಅದಕ್ಕೇ ಸರ್. ಮೇಷ್ಟ್ರ ಪಟ್ಟೀಲಿ ಈ ಬರ್ನರಿನ ಪುಟ ಖಾಲಿ ಇದೆ. ನಾವು ಕಳಿಸಿದ್ದು ಮಾತ್ರ ಅಲ್ಲಿ ಕಾಣ್ಬೇಕು."

ಸಾಕ್ಷಿಗೆ ಕರೆಸಿದ ಇಬ್ಬರು ಪಂಚರ ಎದುರು ಅದೇ ತಂತ್ರಾಂಶದಿಂದ ಪೆಟ್ಟಿಗೆಯ ಹತ್ತು ಡಿಸ್ಕು ಬರ್ನ್ ಮಾಡಿದರು. ಏಳು ಕೆಟ್ಟವು. ಕೈಗವಸು ಎಲ್ಲರೂ ಹಾಕಿದ್ದರು, ದಫೇದಾರನೂ ಸಹ. ಬೇರೊಂದು ಕಂಪನಿಯ ಹತ್ತರಲ್ಲಿ ಒಂದು ಕೆಟ್ಟಿತು. ಇಪ್ಪತ್ತು ವರದಿಗೂ 'ತಲುಪಿತು, ಧನ್ಯವಾದ' ಎಂದು ಉತ್ತರ ಬಂತು. ಪಂಚನಾಮೆ ಬರೆದು ಸಹಿ ಪಡೆದರು.

ಬುಧವಾರ ಬೆಳಿಗ್ಗೆ ಅದೇ ಪಂಚರ ಎದುರು ವೆಬ್‌ಸೈಟ್ ತೆರೆದರು. ಆ ಬರ್ನರಿನ ಪುಟದಲ್ಲಿ ಬೇರೆ ಕಂಪನಿಯ ಸಾಲಿಗೆ ಹತ್ತು ವರದಿ, ಒಂದು ಕೆಟ್ಟದ್ದು. ಆಸ್ಪತ್ರೆಯ ಡಿಸ್ಕಿನ ಸಾಲಿನಲ್ಲಿ ಮೂರೇ ವರದಿ. ಮೂರೂ ಒಳ್ಳೆಯವು. ನೂರಕ್ಕೆ ನೂರು ಎಂದು ಪಕ್ಕದಲ್ಲಿ ಹಸಿರು ನಕ್ಷತ್ರ ಬೇರೆ.

"ಕೆಟ್ಟ ಏಳು ಎಲ್ಲಿ ಹೋಯ್ತೋ?" ದಫೇದಾರ ಕೇಳಿದ.

"ನುಂಗಿದ್ದಾರೆ ಸರ್. ಕಳಿಸಿದವರಿಗೆ ಹೆಸರೇ ಇಲ್ಲ, ಬಂದು ಕೇಳೋರು ಯಾರು?"

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಂಬಿ ವರದಿ ಕಳಿಸಿದ ಅಷ್ಟೂ ಜನರ ಬಾಯಿಗೆ ಒಬ್ಬ ಮನುಷ್ಯ ಬಟ್ಟೆ ತುರುಕಿದ್ದ.

ಗುರುವಾರ ವಾರಂಟ್ ಹಿಡಿದು ಮೇಷ್ಟ್ರ ಮನೆಗೆ ಹೋದರು. ಮಹಡಿಯ ಕೋಣೆಯ ಕಂಪ್ಯೂಟರಿನಲ್ಲಿ 'ಬಳಕೆದಾರರ ಕೈತಪ್ಪು' ಎಂಬ ಕಡತ ಸಿಕ್ಕಿತು. ಗೀರು ಬಿದ್ದ ಡಿಸ್ಕಿನ ವರದಿಗಳನ್ನು ಬದಿಗಿಡುವುದು ಈ ಕೆಲಸದಲ್ಲಿ ಇದ್ದದ್ದೇ. ಆದರೆ ಈ ಒಂದು ಕಂಪನಿಯ ಕೆಟ್ಟ ವರದಿಗಳೆಲ್ಲ ಯಾರೂ ನೋಡದೆಯೇ ತಾವಾಗಿ ಅಲ್ಲಿಗೆ ಬೀಳುವಂತೆ ಮೇಷ್ಟ್ರು ಏರ್ಪಾಡು ಮಾಡಿದ್ದರು. ಎರಡು ವರ್ಷದಿಂದ ಹೀಗೇ ನಡೆದಿತ್ತು. ಕ್ಲರ್ಕ್ ಕಳಿಸಿದವೂ ಅಲ್ಲೇ ಕೊಳೆಯುತ್ತಿದ್ದವು.

ಕಪಾಟಿನಲ್ಲಿ ಸಾಲಾಗಿ ಒಂದಷ್ಟು ಡಿಸ್ಕುಗಳಿದ್ದವು. ತಂತಿ ಒಂದೊಂದೇ ತಿರುಗಿಸಿ ನೋಡಿದ. ಒಂದೂ ಆ ಕಂಪನಿಯದ್ದಲ್ಲ.

"ಇವು ಏನಮ್ಮಾ?" ಇನ್‌ಸ್ಪೆಕ್ಟರ್ ಮೇಷ್ಟ್ರ ಹೆಂಡತಿಯನ್ನು ಕೇಳಿದರು.

"ಮೊಮ್ಮಗಳ ಫೋಟೋಗಳಪ್ಪ. ಇದಕ್ಕೆ ಮಾತ್ರ ಬೇರೆ ಕಂಪನಿದು ತರ್ತಾರೆ. ಯಾಕ್ರೀ ಅಂದ್ರೆ, ಇದು ಗಟ್ಟಿ ಅಂತಾರೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಗೊತ್ತಿಲ್ಲದೆ ಆಯಿತು ಎಂದು ಹೇಳುವ ದಾರಿ ಅಲ್ಲಿಗೆ ಮುಚ್ಚಿತು. ಸುಳ್ಳು ಸರ್ಟಿಫಿಕೇಟ್ ಕೊಟ್ಟ ವಂಚನೆಯನ್ನೂ ಸೇರಿಸಿ ಅವರನ್ನು ಬಂಧಿಸಲು ಆದೇಶ ಪಡೆದರು.

ಶುಕ್ರವಾರ ಬೆಳಿಗ್ಗೆ ಠಾಣೆಯಲ್ಲಿ ಮೇಷ್ಟ್ರನ್ನು ಎದುರು ಕೂರಿಸಿಕೊಂಡು ಬಂಧನದ ಕಾಗದ ಸಿದ್ಧಮಾಡುತ್ತಿದ್ದರು. ಅತ್ತ ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ಕರೆದೊಯ್ದಿದ್ದರು. ತಾಯಿಯ ಜೊತೆಗಿರಲಿ ಎಂದು ದಫೇದಾರನನ್ನು ಕಳಿಸಿದ್ದರು.

"ಕಂಪನಿಯವರು ಏನು ಕೊಟ್ರು?" ಇನ್‌ಸ್ಪೆಕ್ಟರ್ ಮೇಷ್ಟ್ರನ್ನು ಕೇಳಿದರು.

"ಒಂದು ಬಿಡಿಗಾಸೂ ಇಲ್ಲ." ಅದು ನಿಜ. ಬ್ಯಾಂಕಿನಲ್ಲಿ ವಿಚಾರಿಸಿಯಾಗಿತ್ತು. ಮೇಷ್ಟ್ರು ಲಂಚ ತಿಂದಿದ್ದರೆ ಇನ್‌ಸ್ಪೆಕ್ಟರರಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

"ಮತ್ಯಾಕೆ?"

"ಮೊದಲು ಆ ಡಿಸ್ಕು ನಿಜವಾಗ್ಲೂ ಚೆನ್ನಾಗಿತ್ತು. ತುಂಬಿದ ಸಭೇಲಿ ಇದೇ ಶ್ರೇಷ್ಠ ಅಂತ ಹೇಳ್ಬಿಟ್ಟೆ. ಆಮೇಲೆ ಕಾರ್ಖಾನೆ ಬದಲಾಯ್ತು. ಇದೊಂದು ತಪ್ಪು ಅಂತ ಒಪ್ಕೊಂಡ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ? ಇಡೀ ಜೀವನದ ಲೆಕ್ಕ ಸರ್ ಅದು."

ಫೋನ್ ಬಂತು. ಇನ್‌ಸ್ಪೆಕ್ಟರ್ ಎದ್ದು ನಿಂತು ಕೇಳಿಸಿಕೊಂಡರು. ಒಳಗೆ ಒಮ್ಮೆ ಮಗುವಿನ ಹೃದಯ ನಿಂತಿತ್ತು. ಮತ್ತೆ ಬಡಿಯುವಂತೆ ಮಾಡಿದ್ದಾರೆ. ಈಗ ಕಣ್ಣು ಬಿಟ್ಟು ಅಮ್ಮನನ್ನು ಕೇಳುತ್ತಿದೆ. ಆಪರೇಷನ್ ಸದ್ಯಕ್ಕೆ ಆಗುವುದಿಲ್ಲ.

"ಬದುಕಿದೆ" ಎಂದರು ಇನ್‌ಸ್ಪೆಕ್ಟರ್, ಯಾರಿಗೆಂದಿಲ್ಲದೆ.

ಮೇಷ್ಟ್ರು ಪೆನ್ನು ಕೈಗೆತ್ತಿಕೊಂಡರು. ಸಹಿ ಹಾಕಲಿಲ್ಲ. "ಒಂದ್ಮಾತು ಸರ್. ನಿಮ್ಮ ಪರೀಕ್ಷೆ ಕೋರ್ಟಲ್ಲಿ ನಿಲ್ಲಲ್ಲ. ಹತ್ತು ಡಿಸ್ಕಿಂದ ಏನೂ ಸಾಬೀತಾಗಲ್ಲ. ಹತ್ತು ತೀರಾ ಕಮ್ಮಿ."

"ಆ ಮಗುವಿಗೆ ಇರೋದು ಒಂದೇ ಹೃದಯ" ಎಂದು ಇನ್‌ಸ್ಪೆಕ್ಟರ್ ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದರು.