ಬಸ್ಸಿನಡಿಯ ಟ್ರೇ

ಹನ್ನೆರಡನೇ ತಾರೀಖು, ಮಂಗಳವಾರ ಬೆಳಿಗ್ಗೆ 7.10ಕ್ಕೆ ಬಸ್ ಡಿಪೋದ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ಆರು ಗಂಟೆಗೆ ಡಿಪೋದಿಂದ ಹೊರಟ ಖಾಲಿ ಬಸ್ಸು ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಗೋಡೆಗೆ ಗುದ್ದಿತ್ತು. ಡ್ರೈವರ್ ತರಚುಗಾಯದಲ್ಲಿ ಪಾರಾಗಿದ್ದ. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಹುಡುಗಿಯ ಬೆನ್ನುಮೂಳೆಗೆ ಪೆಟ್ಟು ಬಿದ್ದು, ಅವಳು ಇನ್ನು ನಡೆದಾಳೋ ಇಲ್ಲವೋ ವೈದ್ಯರಿಗೂ ಗೊತ್ತಿರಲಿಲ್ಲ. ಬ್ರೇಕ್ ಪೈಪಿನ ನಟ್ಟನ್ನು ಯಾರೋ ಬೇಕೆಂದೇ ಸಡಿಲಿಸಿದ್ದರು.

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್‌ನನ್ನು ಕರೆದುಕೊಂಡು ಹೊರಟರು. ಊಟವನ್ನೂ ನಿಂತುಕೊಂಡೇ ಮುಗಿಸುವ ಅವಸರದ ಮನುಷ್ಯ ಅವರು.

8.30ಕ್ಕೆ ಪಂಚನಾಮೆ ಶುರುವಾಯಿತು. ಡಿಪೋದಲ್ಲಿ ರಾತ್ರಿ ಬಸ್ಸು ನಿಂತಿದ್ದ ಜಾಗದಲ್ಲಿ ಒಂದು ತಗಡಿನ ಟ್ರೇ ಇತ್ತು, ಅದರಲ್ಲಿ ಬ್ರೇಕ್ ಆಯಿಲ್. ನೆಲದ ಮೇಲೆ ಒಂದು ತೊಟ್ಟೂ ಇರಲಿಲ್ಲ. ಗೋಡೆಯ ಮೇಲಿನ ಸ್ಪ್ಯಾನರುಗಳಲ್ಲಿ ಒಂದನ್ನು ಮಾತ್ರ ಯಾರೋ ಚೆನ್ನಾಗಿ ಒರೆಸಿ ತೂಗುಹಾಕಿದ್ದರು.

"ಸಾರ್, ಬಸ್ ಕೆಡಿಸೋಕೆ ಬಂದೋನು ನೆಲ ಗಲೀಜಾಗಬಾರದು ಅಂತ ಟ್ರೇ ಇಟ್ಟಿದಾನೆ. ನಮ್ಮನೆಯವಳು ಕಂಡ್ರೆ ಇವನನ್ನೇ ಅಳಿಯ ಮಾಡ್ಕೋತಾಳೆ," ಎಂದ ಹೆಡ್ಡು.

ಇನ್‌ಸ್ಪೆಕ್ಟರ್ ನಗಲಿಲ್ಲ. ಬಸ್ಸುಗಳನ್ನು ಪರೀಕ್ಷಿಸುವ ಮೆಕ್ಯಾನಿಕ್‌ನನ್ನು ಕರೆಸಿದರು. 5.30ಕ್ಕೆ ರಿಜಿಸ್ಟರಿನಲ್ಲಿ ‘ಬ್ರೇಕ್ ಸರಿಯಿದೆ’ ಎಂದು ಅವನ ಸಹಿ ಇತ್ತು.

"ಬಗ್ಗಿ ನೋಡಿದ್ಯಾ?"

"ನೋಡಿದೆ ಸಾರ್."

"ಟ್ರೇ ಕಾಣಲಿಲ್ವಾ?"

"ದಿನಾ ಸರಿಯಾಗೇ ಇರತ್ತಲ್ಲ ಸಾರ್, ಅದಕ್ಕೇ..." ಎಂದು ಮೆಕ್ಯಾನಿಕ್ ತೊದಲಿದ.

"ಈ ಡಿಪೋದಲ್ಲಿ ಹೀಗೆ ಟ್ರೇ ಇಡೋರು ಯಾರು?"

ಮ್ಯಾನೇಜರ್ ದನಿ ತಗ್ಗಿಸಿ ಹಳೇ ಮೇಸ್ತ್ರಿಯ ವಿಷಯ ಹೇಳಿದರು. ಇಪ್ಪತ್ತೆರಡು ವರ್ಷ ಪರೀಕ್ಷೆಯ ಕೆಲಸ ಅವನದೇ. ಅವನು ಸಹಿ ಹಾಕಿದ ಬಸ್ಸು ಒಂದೂ ದಾರಿಯಲ್ಲಿ ಕೈಕೊಟ್ಟಿರಲಿಲ್ಲ. ಆದರೆ ಬಿಗಿ ಮಾಡಿದ ನಟ್ಟನ್ನೇ ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದ, ಬಸ್ಸುಗಳು ತಡವಾಗುತ್ತಿದ್ದವು. ಬಡ್ತಿ ಕಿರಿಯರ ಪಾಲಾಯಿತು. ಒಲೆ ಆರಿಸಿದೆಯಾ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿ ಹೆಂಡತಿ ತವರಿಗೆ ಹೋದಳು. ಕಳೆದ ವರ್ಷ ಡಿಪೋದವರು ಅವನನ್ನು ಮನೋವೈದ್ಯರ ಬಳಿ ಕಳಿಸಿದ್ದರು. ಗೀಳಿನ ಕಾಯಿಲೆ, ಚಿಕಿತ್ಸೆಯಿಂದ ಹತೋಟಿಗೆ ಬರುತ್ತದೆ ಎಂದು ವರದಿ ಬಂದಿತ್ತು.

"ಚಿಕಿತ್ಸೆ ಕೊಡಿಸಿದ್ರಾ?"

"ಬಿಡಿಭಾಗದ ಸ್ಟೋರಿಗೆ ಹಾಕಿದ್ವಿ ಸಾರ್."

11.20ಕ್ಕೆ ಇವರು ಸ್ಟೋರಿನ ಒಳಗೆ ಕಾಲಿಡುತ್ತಿದ್ದಂತೆ ಮೇಸ್ತ್ರಿ ಎದ್ದು ನಿಂತ. "ನಾನೇ ಸಾರ್," ಎಂದ.

"ಯಾಕೆ?"

"ಹೊಸಬ ಬಗ್ಗಿ ನೋಡ್ದೇ ಸೈನ್ ಹಾಕ್ತಾನೆ ಅಂತ ಆರು ಸಲ ಬರ್ಕೊಟ್ಟೆ. ನಿನ್ನ ಗೀಳು ಕಣಯ್ಯಾ ಅಂದ್ರು. ಒಂದ್ಸಲ ಕಣ್ಣಾರೆ ತೋರಿಸ್ಬೇಕು ಅನ್ನಿಸ್ತು. ಅವನ ಸೈನ್ ಬಿದ್ಮೇಲೆ ಗೇಟಲ್ಲಿ ನಿಂತು ನಾನೇ ಬಸ್ ತಡೀಬೇಕು ಅಂತಿದ್ದೆ. ಟ್ರೇ ಬೇಕೂಂತ ಇಟ್ಟಿದ್ದಲ್ಲ ಸಾರ್, ಕೈ ತಾನಾಗೇ ಇಟ್ಟಿದೆ."

"ಆದ್ರೆ ಬಸ್ ತಡೀಲಿಲ್ವಲ್ಲ."

"ಆ ಹುಡುಗಿ ನನ್ನ ಅಣ್ಣಾ ಅಂತಿದ್ಲು ಸಾರ್," ಎಂದಷ್ಟೇ ಹೇಳಿ ಮೇಸ್ತ್ರಿ ತಲೆ ತಗ್ಗಿಸಿದ. "ಇಲ್ಲಿ ಬೇರೆ ಯಾರೂ ನನ್ನ ಮಾತಾಡಿಸ್ತಿರ್ಲಿಲ್ಲ."

11.45ಕ್ಕೆ ಅವನನ್ನು ಬಂಧಿಸಿದರು. ಠಾಣೆಯಲ್ಲಿ ಹೆಡ್ಡು ಹೇಳಿಕೆ ಬರೆದುಕೊಂಡ. ಎರಡು ಗಂಟೆಗೆ ಸಹಿಗೆ ಕೊಟ್ಟರೆ ಮೇಸ್ತ್ರಿ ಸಾಲಿನ ಮೇಲೆ ಬೆರಳಿಟ್ಟು ಓದಿ ಮುಗಿಸಿ, ಪುನಃ ಮೊದಲಿನಿಂದ ಶುರುಮಾಡಿದ. ಇನ್‌ಸ್ಪೆಕ್ಟರ್ ಗಡಿಯಾರ ನೋಡುತ್ತ ಹೇಗೋ ತಡೆದುಕೊಂಡರು.

"ಇಲ್ಲೊಂದು ತಪ್ಪಿದೆ ಸಾರ್. ‘ಸ್ಟೋರಿಗೆ ಬೀಗ ಹಾಕಿ ಗೇಟಿಗೆ ಓಡುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತ್ತು’ ಅಂತಿದೆ."

"ನೀವೇ ಹೇಳಿದ್ದಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಹೇಳಿದ್ದೆ. ಅದು ನಿಜ ಅಲ್ಲ."

"ಇರ್ಲಿ ಬಿಡಿ ಮೇಸ್ತ್ರಿ. ಹಾಗೇ ಇದ್ರೆ ನಿಮಗೇ ಒಳ್ಳೇದು."

"ತಪ್ಪಿರೋ ಕಾಗದಕ್ಕೆ ನಂಗೆ ಸೈನ್ ಹಾಕೋಕಾಗಲ್ಲ ಸಾರ್. ಬಸ್ ಹೊರಟಿದ್ದು ನಂಗೆ ಕಾಣ್ತಿತ್ತು. ಬಾಗಿಲಲ್ಲಿ ಅವಳು ನಿಂತಿದ್ಲು. ಒಂದು ಕೂಗು ಹಾಕಿದ್ರೆ ಸಾಕಿತ್ತು. ಬೀಗ ಎರಡು ಸಲ ಎಳೆದು ನೋಡಿದ್ದೆ. ಮೂರನೇ ಸಲ ಬಾಕಿ ಇತ್ತು."

ಹೆಡ್ಡು ಪೆನ್ನು ಹಿಡಿದುಕೊಂಡು ಸಾಹೇಬರ ಮುಖ ನೋಡಿದ. "ಅವರು ಹೇಳಿದ ಹಾಗೇ ಬರಿ," ಎಂದರು ಇನ್‌ಸ್ಪೆಕ್ಟರ್.

ಸಹಿ ಬಿದ್ದಾಗ 2.40. ಕೇಸ್ ಡೈರಿಯಲ್ಲಿ ಅಪರಾಧದ ಕಾರಣವನ್ನು ಅವರು ಮೊದಲು ‘ದ್ವೇಷ’ ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿದರು. ‘ಕಾಯಿಲೆ’ ಎಂದು ಬರೆಯೋಣವೆಂದರೆ, ಇಪ್ಪತ್ತೆರಡು ವರ್ಷ ಆ ಬಸ್ಸುಗಳನ್ನು ಕಾಪಾಡಿದ್ದೂ ಅದೇ ಕಾಯಿಲೆಯಾಗಿತ್ತು. ಆ ಜಾಗವನ್ನು ಖಾಲಿ ಬಿಟ್ಟು ಆಸ್ಪತ್ರೆಗೆ ಫೋನ್ ಮಾಡಿದರು. ಹುಡುಗಿಗೆ ಎಚ್ಚರವಾಗಿತ್ತು. ಕಾಲಿಗೆ ಸ್ಪರ್ಶ ಇನ್ನೂ ಬಂದಿರಲಿಲ್ಲ.